ಮಲಗಿ ಹತ್ತು ಗುಟುಕು, ಕುಳಿತು ಐದು

"ಮಲಕೊಂಡು ನೀರು ಕುಡೀಬ್ಯಾಡ, ನೆತ್ತಿಗೆ ಹತ್ತತೈತಿ" ಎಂಬ ಗದರಿಕೆ ಕೇಳದೆ ಬೆಳೆದವರು ಬೆಳಗಾವಿ ಸೀಮೆಯಲ್ಲಿ ಕಡಿಮೆ. ಆದರೆ ತುತ್ತು ಇಳಿಯುತ್ತಿಲ್ಲವೆಂದು ದೊಡ್ಡ ಆಸ್ಪತ್ರೆಯ ಗ್ಯಾಸ್ಟ್ರೊ ವಿಭಾಗಕ್ಕೆ ಹೋದರೆ ಅಲ್ಲಿ ಮಾಡಿಸುವುದು ಅದನ್ನೇ. ಮೂಗಿನಿಂದ ತೆಳ್ಳಗಿನ ನಳಿಕೆ ಇಳಿಸಿ, ಮಂಚದ ಮೇಲೆ ಅಂಗಾತ ಮಲಗಿಸಿ, ಸಿರಿಂಜಿನಿಂದ 5 ಮಿ.ಲೀ. ನೀರು ಬಾಯಿಗೆ ಬಿಟ್ಟು "ನುಂಗಿ" ಎನ್ನುತ್ತಾರೆ. ಹೀಗೆ ಹತ್ತು ಸಲ. ಆಮೇಲೆ ಎಬ್ಬಿಸಿ ಕೂರಿಸಿ ಮತ್ತೆ ಐದು ಸಲ.

ಇದು ಅನ್ನನಾಳದ ಒತ್ತಡ ಅಳೆಯುವ ಪರೀಕ್ಷೆ. ಹೆಸರು ಮ್ಯಾನೋಮೆಟ್ರಿ. ಮನುಷ್ಯ ಅವನೇ, ನಳಿಕೆ ಅದೇ, ನೀರೂ ಅದೇ. ಆದರೂ ಮಲಗಿದಾಗ ಬಂದ ಅಂಕಿ ಕುಳಿತಾಗ ಬರುವುದಿಲ್ಲ. ಭಂಗಿ ತರುವ ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಓದಿದರೆ ಆರೋಗ್ಯವಂತನ ಹೆಸರಿಗೂ ಒಂದು ರೋಗ ಅಂಟಿಕೊಳ್ಳಬಹುದು. ಬೇಡದ ಚಿಕಿತ್ಸೆಗೂ ದಾರಿಯಾಗಬಹುದು.

ಎದೆಯಲ್ಲಿ ನಿಲ್ಲುವ ರೊಟ್ಟಿ

ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಕಡೆಯಲ್ಲಿ ಊಟವೆಂದರೆ ಜೋಳದ ರೊಟ್ಟಿ. ಹಾಗಾಗಿ ಅನ್ನನಾಳ ಮುನಿಸಿಕೊಂಡದ್ದು ಮನೆಯವರಿಗೆ ಮೊದಲು ಗೊತ್ತಾಗುವುದೂ ರೊಟ್ಟಿಯಿಂದಲೇ. ಹಿರಿಯರೊಬ್ಬರು "ರೊಟ್ಟಿ ಎದಿಯಾಗ ನಿಂತಂಗ ಆಗತೈತಿ" ಅನ್ನಲು ಶುರುಮಾಡಿದ್ದಾರೆ ಎಂದುಕೊಳ್ಳೋಣ. ಮನೆಯಲ್ಲಿ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಕೊಡುತ್ತಾರೆ. ಅದೂ ಇಳಿಯದಿದ್ದರೆ ನುಚ್ಚು-ಮಜ್ಜಿಗೆ, ಆಮೇಲೆ ಅಂಬಲಿ. ನಡುವೆ ಪಿತ್ತಕ್ಕೆಂದು, ಗ್ಯಾಸಿಗೆಂದು ಗುಳಿಗೆ. ಹೀಗೆಯೇ ತಿಂಗಳುಗಳು ಕಳೆದ ಮೇಲೆ ಬೈಲಹೊಂಗಲದ್ದೋ ಸವದತ್ತಿಯದ್ದೋ ಆಸ್ಪತ್ರೆ, ಅಲ್ಲಿಂದ ಬೆಳಗಾವಿಗೋ ಹುಬ್ಬಳ್ಳಿ-ಧಾರವಾಡಕ್ಕೋ ಚೀಟಿ.

ದೊಡ್ಡ ಆಸ್ಪತ್ರೆಯಲ್ಲಿ ಮೊದಲು ಎಂಡೋಸ್ಕೋಪಿ. ನಮ್ಮ ಜನರ ಬಾಯಲ್ಲಿ ಅದು 'ದುರ್ಬೀನು ಹಾಕಿ ನೋಡೋದು'. ಮೊದಲು ಅದನ್ನೇ ಮಾಡುವುದಕ್ಕೆ ಬಲವಾದ ಕಾರಣವಿದೆ. ಮೊದಲು ಗಟ್ಟಿ ಪದಾರ್ಥ, ಬರಬರುತ್ತ ಮೆದು ಪದಾರ್ಥ, ಕೊನೆಗೆ ನೀರೂ ಇಳಿಯದೆ, ಜೊತೆಗೆ ತೂಕವೂ ಕಡಿಮೆಯಾಗುತ್ತಿದ್ದರೆ ಒಳಗೆ ಗಡ್ಡೆ ಇರಬಹುದೆಂಬ ಅನುಮಾನ. ತಂಬಾಕು, ಸಾರಾಯಿಯ ಚಟವಿದ್ದವರಲ್ಲಿ ಅನುಮಾನ ಇನ್ನೂ ಹೆಚ್ಚು. ಆರಂಭದಿಂದಲೇ ರೊಟ್ಟಿಯೂ ನೀರೂ ಎರಡೂ ನಿಲ್ಲುತ್ತಿದ್ದರೆ ನಾಳದ ಚಲನೆಯಲ್ಲೇ ದೋಷವಿರುವ ಸಾಧ್ಯತೆ ಹೆಚ್ಚು. ದುರ್ಬೀನಿಗೆ ಗಡ್ಡೆ, ಹುಣ್ಣು, ಕಿರಿದಾದ ಜಾಗ ಕಾಣುತ್ತದೆ. ಸ್ನಾಯು ಸರಿಯಾದ ಹೊತ್ತಿಗೆ, ಸರಿಯಾದ ಬಲದಲ್ಲಿ ಹಿಂಡುತ್ತಿದೆಯೇ ಎಂಬುದು ಅದಕ್ಕೆ ಸಾಮಾನ್ಯವಾಗಿ ತಿಳಿಯದು. ಎಂಡೋಸ್ಕೋಪಿ ವರದಿ 'ಎಲ್ಲ ಸರಿ ಇದೆ' ಎಂದರೂ ತುತ್ತು ನಿಲ್ಲುತ್ತಲೇ ಇದ್ದರೆ ಆಗ ಬರುತ್ತದೆ ಮ್ಯಾನೋಮೆಟ್ರಿಯ ಸರದಿ.

ತಲೆ ತಗ್ಗಿಸಿ ಕುಡಿಯುವ ಎಮ್ಮೆ

ಅನ್ನನಾಳವೆಂದರೆ ಮೇಲಿನಿಂದ ಹಾಕಿದ್ದು ಕೆಳಗೆ ಬೀಳುವ ಕೊಳವೆ ಎಂದು ಹಲವರು ತಿಳಿದಿರುತ್ತಾರೆ. ಕೆರೆಯ ದಂಡೆಯಲ್ಲಿ ಎಮ್ಮೆ ನೀರು ಕುಡಿಯುವುದನ್ನು ನೋಡಿದರೆ ಈ ತಿಳಿವಳಿಕೆ ನಿಲ್ಲುವುದಿಲ್ಲ. ಅದರ ಬಾಯಿ ಕೆಳಗೆ, ಹೊಟ್ಟೆ ಮೇಲೆ. ನೀರು ಕುತ್ತಿಗೆಯುದ್ದಕ್ಕೂ ಏರಿಯೇ ಹೋಗಬೇಕು. ಮೆಲುಕು ಹಾಕುವಾಗ ಅದೇ ನಾಳ ಮೇವನ್ನು ತಿರುಗಿ ಬಾಯಿಗೂ ತರುತ್ತದೆ. ಅಂಗಳದ ಕೋಳಿಯ ರೀತಿ ಬೇರೆ: ಕೊಕ್ಕಿನಲ್ಲಿ ನೀರು ತುಂಬಿಕೊಂಡು ತಲೆ ಎತ್ತಿದರೇ ನೀರು ಒಳಗೆ ಇಳಿಯುವುದು.

ಮನುಷ್ಯನ ಅನ್ನನಾಳ ವಯಸ್ಕರಲ್ಲಿ ಸುಮಾರು 25 ಸೆಂ.ಮೀ. ಉದ್ದ. ಮೇಲೊಂದು, ಕೆಳಗೊಂದು ಸ್ನಾಯುವಿನ ಕವಾಟ. ನುಂಗಿದ ಕೂಡಲೇ ಮೇಲಿನ ಕವಾಟ ತೆರೆಯುತ್ತದೆ. ತುತ್ತಿನ ಹಿಂದಿನ ಭಾಗ ಬಿಗಿಯುತ್ತ, ಮುಂದಿನ ಭಾಗ ಸಡಿಲವಾಗುತ್ತ ಒಂದು ಅಲೆ ಕೆಳಕ್ಕೆ ಸಾಗುತ್ತದೆ. ಸೆಕೆಂಡಿಗೆ 2ರಿಂದ 4 ಸೆಂ.ಮೀ. ವೇಗ, ತಳ ಮುಟ್ಟಲು ಸುಮಾರು 8ರಿಂದ 10 ಸೆಕೆಂಡು. ಅಲೆ ಬರುವ ಮುಂಚೆಯೇ ಕೆಳಗಿನ ಕವಾಟ ಸಡಿಲಗೊಂಡು ದಾರಿ ಬಿಟ್ಟಿರುತ್ತದೆ. ಉಗುಳನ್ನೂ ಸೇರಿಸಿ ದಿನಕ್ಕೆ ಹಲವು ನೂರು ಬಾರಿ ಈ ಕೆಲಸ ನಮ್ಮ ಅರಿವಿಗೆ ಬಾರದೆ ನಡೆಯುತ್ತದೆ.

ಭೂಮಿಯ ಸೆಳೆತ ಇಲ್ಲದ ಕಡೆಯೂ ಈ ಅಲೆ ಸಾಕು. 1984ರಲ್ಲಿ ಸಲ್ಯೂಟ್-7 ನಿಲ್ದಾಣಕ್ಕೆ ಹೋದ ರಾಕೇಶ್ ಶರ್ಮಾ ಅವರಿಗಾಗಿ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ ಮಾವಿನ ಹಣ್ಣಿನ ಬಾರ್‌ನಂಥ ತಿನಿಸು ತಯಾರಿಸಿ ಕೊಟ್ಟಿತ್ತು. ಮೇಲು-ಕೆಳಗು ಇಲ್ಲದ ಆ ಜಾಗದಲ್ಲಿ ಮೈಸೂರಿನ ಮಾವನ್ನು ಹೊಟ್ಟೆಗೆ ಮುಟ್ಟಿಸಿದ್ದು ಸ್ನಾಯುವಿನ ಅಲೆಯೇ.

ಹಾಗಾದರೆ ಕುಳಿತು ತಿನ್ನುವಾಗ ಭೂಮಿಯ ಸೆಳೆತದ ಪಾಲು ಏನೂ ಇಲ್ಲವೇ? ಇದೆ, ಅದರಲ್ಲೂ ನೀರಿನಂಥ ಪದಾರ್ಥಕ್ಕೆ. 1880ರ ದಶಕದಲ್ಲಿ ಬರ್ಲಿನ್ನಿನಲ್ಲಿ ಹ್ಯೂಗೊ ಕ್ರೊನೆಕರ್ ಮತ್ತು ಸ್ಯಾಮ್ಯುಯೆಲ್ ಮೆಲ್ಟ್ಜರ್ ಪುಟ್ಟ ಬಲೂನುಗಳನ್ನು ಅನ್ನನಾಳಕ್ಕೆ ಇಳಿಸಿ ನುಂಗುವಿಕೆಯನ್ನು ದಾಖಲಿಸಿದರು. ದ್ರವ ಅಲೆಗಿಂತ ಮುಂಚೆಯೇ ಧಾವಿಸುತ್ತದೆ ಎಂಬುದು ಅವರಿಗೆ ಕಂಡಿತು. ಎಕ್ಸ್‌ರೇ ಬಂದ ಮೇಲೆ ಅಮೆರಿಕದ ವಾಲ್ಟರ್ ಕ್ಯಾನನ್ ಮತ್ತು ಅವರ ಸಹಪಾಠಿ ಮೋಸರ್ ಬಿಸ್ಮತ್ ಬೆರೆಸಿದ ಆಹಾರ ಪ್ರಾಣಿಗಳಲ್ಲೂ ಮನುಷ್ಯರಲ್ಲೂ ಇಳಿಯುವುದನ್ನು ಕಣ್ಣಾರೆ ನೋಡಿ 1898ರಲ್ಲಿ ಪ್ರಕಟಿಸಿದರು. ನೆಟ್ಟಗೆ ಕುಳಿತು ನುಂಗಿದ ನೀರು ಒಂದೆರಡು ಸೆಕೆಂಡಿನಲ್ಲಿ ತಳ ಸೇರುತ್ತದೆ. ಅಲೆ ಅದರ ಹಿಂದೆ ನಿಧಾನವಾಗಿ ಬಂದು ಉಳಿದದ್ದನ್ನು ಗುಡಿಸುತ್ತದೆ, ಅಷ್ಟೇ.

ಮಲಗಿಸುವುದು ಯಾಕೆ?

ಪರೀಕ್ಷೆಗೆ ಮಲಗಿಸುವ ಕಾರಣ ಇಲ್ಲಿದೆ. ಇಳಿಜಾರಿನಲ್ಲಿ ಬಂಡಿ ಎಳೆಯುವ ಎತ್ತಿನ ತಾಕತ್ತು ಯಾರಿಗೂ ಗೊತ್ತಾಗದು. ಸಪಾಟು ನೆಲದಲ್ಲಿ ಕಲ್ಲು ಜಗ್ಗಿಸಿದಾಗಲೇ ತಿಳಿಯುವುದು. ಅಂಗಾತ ಮಲಗಿದಾಗ ನೀರಿಗೆ ಭೂಮಿಯ ಸೆಳೆತದ ನೆರವು ಸಿಗುವುದಿಲ್ಲ. ನಾಳ ತನ್ನ ಬಲದಿಂದಲೇ ದೂಡಬೇಕಾಗುತ್ತದೆ. ದುರ್ಬಲ ಅಲೆ, ನಡುವೆ ತುಂಡಾಗುವ ಅಲೆ, ಏಳದೇ ಹೋದ ಅಲೆ ಎಲ್ಲವೂ ಆಗ ಬಯಲಾಗುತ್ತವೆ.

ಇನ್ನೊಂದು ಕಾರಣ ಯಂತ್ರದ್ದು. ಹಳೆಯ ಕಾಲದ ಮ್ಯಾನೋಮೆಟ್ರಿಯಲ್ಲಿ ನಳಿಕೆಯೊಳಗೆ ಸಣ್ಣಗೆ ನೀರು ಹರಿಯುತ್ತಿರುತ್ತದೆ. ಒತ್ತಡ ಅಳೆಯುವ ಭಾಗ ದೇಹದ ಹೊರಗೆ, ಮಂಚದ ಮಟ್ಟದಲ್ಲಿ ಇರುತ್ತದೆ. ಭಾರತದ ಹಲವು ಕೇಂದ್ರಗಳಲ್ಲಿ ಈ ನೀರಿನ ಪದ್ಧತಿ ಇಂದಿಗೂ ಬಳಕೆಯಲ್ಲಿದೆ, ಖರ್ಚು ಕಡಿಮೆ. ಮಲಗಿದಾಗ ನಳಿಕೆಯ ಎಲ್ಲ ರಂಧ್ರಗಳೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಇರುತ್ತವೆ. ಎದ್ದು ಕುಳಿತರೆ ಮೇಲಿನ ರಂಧ್ರಕ್ಕೂ ಕೆಳಗಿನ ರಂಧ್ರಕ್ಕೂ ನಡುವಿನ ನೀರಿನ ಕಂಬದ ಭಾರವೂ ಅಂಕಿಯೊಳಗೆ ನುಸುಳುತ್ತದೆ. ಹಾಗಾಗಿ ಮಲಗಿಸಿ ಅಳೆಯುವುದೇ ರೂಢಿಯಾಯಿತು. ನಿರೋಗಿಗಳನ್ನು ಪರೀಕ್ಷಿಸಿ ಕಟ್ಟಿದ 'ಸಾಮಾನ್ಯ' ಎಂಬ ಮಟ್ಟವೂ ಮಲಗಿದವರದ್ದೇ ಆಯಿತು.

1990ರ ದಶಕದಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ರೇ ಕ್ಲೌಸ್ ಮತ್ತು ಸಂಗಡಿಗರು ಸಂವೇದಕಗಳನ್ನು ಹತ್ತಿರ ಹತ್ತಿರ ಕೂರಿಸಿ, ಒತ್ತಡವನ್ನು ಬಣ್ಣದ ನಕ್ಷೆಯಾಗಿ ತೋರಿಸುವ ದಾರಿ ಹುಡುಕಿದರು. ಇಂದಿನ, ನೀರು ಹರಿಸಬೇಕಿಲ್ಲದ ಘನಸ್ಥಿತಿ ನಳಿಕೆಯಲ್ಲಿ 1 ಸೆಂ.ಮೀ. ಅಂತರದಲ್ಲಿ 36 ಸಂವೇದಕಗಳು ನಳಿಕೆಯ ಮೇಲೆಯೇ ಇರುತ್ತವೆ. ಪರದೆಯ ಮೇಲೆ ಕಡಿಮೆ ಒತ್ತಡ ನೀಲಿ, ಹೆಚ್ಚಿನದು ಕೆಂಪು. ಒಂದು ಗುಟುಕು ನುಂಗಿದರೆ ಬಣ್ಣದ ಪಟ್ಟಿಯೊಂದು ಓರೆಯಾಗಿ ಕೆಳಗಿಳಿಯುತ್ತದೆ. ನೀರಿನ ಕಂಬದ ತಕರಾರು ಇದರಲ್ಲಿ ಇಲ್ಲ. ಕೂರಿಸಿ ಅಳೆಯುವುದು ಸಲೀಸಾಯಿತು. ಕೂರಿಸಿ ಅಳೆದಾಗ ಅಂಕಿಗಳೂ ಬದಲಾದವು.

14 ಎಂಬ ಅಂಕಿ

ಅಲೆಯ ಬಲ, ಉದ್ದ, ಹೊತ್ತು ಮೂರನ್ನೂ ಸೇರಿಸಿ ಒಂದು ಮೊತ್ತ ತೆಗೆಯುತ್ತಾರೆ. ಮಲಗಿದವರಲ್ಲಿ ಅದು 450ಕ್ಕಿಂತ ಕೆಳಗಿದ್ದರೆ ಆ ಗುಟುಕು ದುರ್ಬಲ, 100ಕ್ಕಿಂತ ಕೆಳಗಿದ್ದರೆ ವಿಫಲ, 8,000 ದಾಟಿದರೆ ಅತಿ ಬಲ. ಕುಳಿತಾಗ ನಾಳಕ್ಕೆ ಕೆಲಸ ಕಡಿಮೆ, ಅಲೆಯೂ ಮೆದು. ಮಲಗಿದವರ ಅಳತೆಗೋಲನ್ನು ಕುಳಿತವರಿಗೆ ಹಿಡಿದರೆ ಗಟ್ಟಿಮುಟ್ಟಾದ ಅನ್ನನಾಳಕ್ಕೂ 'ದುರ್ಬಲ' ಎಂಬ ಷರಾ ಬೀಳಬಹುದು.

ಇದಕ್ಕಿಂತ ಸೂಕ್ಷ್ಮವಾದದ್ದು ಕೆಳಗಿನ ಕವಾಟದ ಲೆಕ್ಕ. ನುಂಗಿದಾಗ ಆ ಕವಾಟ ಎಷ್ಟು ಸಡಿಲವಾಯಿತು ಎಂಬುದನ್ನು ನುಂಗಿದ ನಂತರದ 10 ಸೆಕೆಂಡಿನೊಳಗೆ ಅತಿ ಕಡಿಮೆ ಒತ್ತಡವಿದ್ದ 4 ಸೆಕೆಂಡುಗಳ ಸರಾಸರಿಯಿಂದ ತಿಳಿಯುತ್ತಾರೆ. ಹೆಚ್ಚು ಬಳಕೆಯಲ್ಲಿರುವ ಒಂದು ಬಗೆಯ ನಳಿಕೆಯಲ್ಲಿ ಇದರ ಮಿತಿ ಮಲಗಿದಾಗ 15 ಮಿ.ಮೀ. ಪಾದರಸ, ಕುಳಿತಾಗ 12. ಬೇರೆ ತಯಾರಕರ ನಳಿಕೆಯಲ್ಲಿ ಇವೇ ಮಿತಿಗಳು 22 ಮತ್ತು 15. ಮೊದಲ ನಳಿಕೆಯಲ್ಲಿ ಒಬ್ಬರಿಗೆ 14 ಬಂತು ಎನ್ನಿ. ಮಲಗಿದ್ದಾಗ ಬಂದ 14 ಆದರೆ ಸರಿ. ಕುಳಿತಾಗ ಬಂದ 14 ಆದರೆ ಹೆಚ್ಚು. ಭಂಗಿಯನ್ನೂ ನಳಿಕೆಯ ಬಗೆಯನ್ನೂ ಹೇಳದೆ 14 ಎಂದಷ್ಟೇ ಬರೆದ ವರದಿಯಿಂದ ಏನೂ ತಿಳಿಯದು.

ಮಲಗಿದಾಗ ಕವಾಟದ ಒತ್ತಡ ಸುಳ್ಳೇ ಏರಿದಂತೆ ಕಾಣಲು ಬೇರೆ ಕಾರಣಗಳೂ ಇವೆ. ಎದೆಗೂಡಿನಲ್ಲಿ ಅನ್ನನಾಳದ ಮಗ್ಗುಲಲ್ಲೇ ಹೃದಯ, ಮಹಾಧಮನಿ ಇವೆ. ಅಂಗಾತ ಮಲಗಿದಾಗ ಅವು ನಾಳದ ಮೇಲೆ ಒತ್ತಿಕೊಳ್ಳಬಹುದು. ಜಠರದ ಮೇಲ್ತುದಿ ವಪೆಯ ರಂಧ್ರದಿಂದ ಮೇಲೆ ಸರಿದವರಲ್ಲಿ, ಅಂದರೆ ಹಯೇಟಸ್ ಹರ್ನಿಯಾ ಇದ್ದವರಲ್ಲಿ, ಅಂಕಿ ಇನ್ನಷ್ಟು ಗೊಂದಲಕ್ಕೆ ಬೀಳುತ್ತದೆ. ಎದ್ದು ಕೂರಿಸಿದರೆ ಇಂಥ ಹುಸಿ ಏರಿಕೆ ಎಷ್ಟೋ ಜನರಲ್ಲಿ ಇಳಿದುಬಿಡುತ್ತದೆ.

ಇದನ್ನೆಲ್ಲ ಕಂಡ ಮೇಲೆಯೇ ಜಗತ್ತಿನ ತಜ್ಞರು ಒಪ್ಪಿಕೊಂಡ ನಿಯಮಾವಳಿ ಬದಲಾಯಿತು. ಅನ್ನನಾಳದ ಚಲನೆಯ ದೋಷಗಳನ್ನು ವಿಂಗಡಿಸುವ 'ಷಿಕಾಗೊ ವರ್ಗೀಕರಣ'ದ ಮೂರನೇ ಆವೃತ್ತಿ 2015ರಲ್ಲಿ ಬಂದಿತ್ತು. ಆಗ ತೀರ್ಮಾನ ಮಲಗಿ ನುಂಗಿದ ಹತ್ತು ಗುಟುಕುಗಳ ಮೇಲೆ ನಿಂತಿತ್ತು. 2021ರ ನಾಲ್ಕನೇ ಆವೃತ್ತಿ ಎರಡೂ ಭಂಗಿ ಬೇಕು ಎಂದಿತು: ಮಲಗಿ ಹತ್ತು, ಕುಳಿತು ಕನಿಷ್ಠ ಐದು. ಯಾವುದು ಮೊದಲು ಎಂಬುದು ಆಯಾ ಕೇಂದ್ರಕ್ಕೆ ಬಿಟ್ಟದ್ದು. ಕವಾಟದ ಬಳಿ ಅಡಚಣೆ ಇದೆ, ಆದರೆ ಅಲೆ ಉಳಿದಿದೆ ಎಂಬ ರೋಗನಿರ್ಣಯಕ್ಕೆ ಈಗ ಎರಡೂ ಭಂಗಿಗಳಲ್ಲಿ ಒತ್ತಡ ಏರಿರಬೇಕು. ಅಷ್ಟೂ ಸಾಲದು. ರೋಗಿಗೆ ನುಂಗಲು ತೊಂದರೆಯೋ ಎದೆನೋವೋ ಇರಬೇಕು, ಬೇರೊಂದು ಪರೀಕ್ಷೆಯೂ ಅದನ್ನೇ ಹೇಳಬೇಕು. ಆಮೇಲಷ್ಟೇ ಕವಾಟ ಹಿಗ್ಗಿಸುವ, ಸ್ನಾಯು ಕೊಯ್ಯುವ ಮಾತು.

ಗುಟುಕುಗಳು ಮುಗಿದ ಮೇಲೆ ಇನ್ನೂ ಎರಡು ಆಟಗಳಿವೆ. ಮೊದಲನೆಯದರಲ್ಲಿ 2 ಮಿ.ಲೀ.ಯಂತೆ ಐದು ಗುಟುಕು, ಎರಡು-ಮೂರು ಸೆಕೆಂಡಿಗೊಂದರಂತೆ ಬೆನ್ನುಬೆನ್ನಿಗೆ. ಆರೋಗ್ಯವಂತ ನಾಳ ಆಗ ಸುಮ್ಮನಿದ್ದು, ಕೊನೆಯ ಗುಟುಕಿನ ನಂತರ ಜೋರಾದ ಅಲೆ ಎಬ್ಬಿಸುತ್ತದೆ. ಬಿಡಿ ಗುಟುಕಿನಲ್ಲಿ ಸೋತ ನಾಳ ಇಲ್ಲಿ ಗೆದ್ದರೆ ಒಳಗೆ ಕಸುವು ಉಳಿದಿದೆ ಎಂದರ್ಥ. ಎರಡನೆಯದು ಕುಳಿತು 200 ಮಿ.ಲೀ. ನೀರನ್ನು ಒಂದೇ ದಮ್ಮಿಗೆ ಕುಡಿಯುವುದು. ಕೆಳಗೆ ನಿಜವಾದ ಅಡಚಣೆ ಇದ್ದರೆ ಇಡೀ ನಾಳದಲ್ಲಿ ಒತ್ತಡ ಏರಿ ಪರದೆಯ ಬಣ್ಣ ಬದಲಾಗುತ್ತದೆ. ಕೆಲವು ಕೇಂದ್ರಗಳಲ್ಲಿ ಕೂರಿಸಿ ಅನ್ನ, ಬ್ರೆಡ್ಡಿನಂಥ ಗಟ್ಟಿ ಪದಾರ್ಥವನ್ನೂ ತಿನ್ನಿಸಿ ನೋಡುತ್ತಾರೆ. ನೀರು ಸರಾಗವಾಗಿ ಇಳಿದು ರೊಟ್ಟಿ ಮಾತ್ರ ನಿಲ್ಲುವವರ ವಿಷಯದಲ್ಲಿ ಇದೇ ಹೆಚ್ಚು ಉಪಯೋಗದ ಪರೀಕ್ಷೆ.

ನಿಂತು ನೋಡುವ ಬೇರಿಯಂ

ಎಕ್ಸ್‌ರೇಯಲ್ಲಿ ಕಾಣುವ ಬೇರಿಯಂ ದ್ರವ ಕುಡಿಸಿ ನೋಡುವ ಪರೀಕ್ಷೆಯಲ್ಲಿಯೂ ಭಂಗಿ ಬದಲಾದರೆ ಪ್ರಶ್ನೆಯೇ ಬದಲಾದಂತೆ. ಅಲೆಯ ಬಲ ನೋಡಬೇಕಾದರೆ ರೋಗಿಯನ್ನು ಬೋರಲಾಗಿ, ತುಸು ಓರೆಯಾಗಿ ಮಲಗಿಸಿ ಒಂದೊಂದೇ ಗುಟುಕು ಕುಡಿಸುತ್ತಾರೆ. ನಾಳ ಎಷ್ಟು ಬೇಗ ಖಾಲಿಯಾಗುತ್ತದೆ ಎಂದು ನೋಡಬೇಕಾದರೆ ನಿಲ್ಲಿಸಿ, 100ರಿಂದ 250 ಮಿ.ಲೀ. ತೆಳು ಬೇರಿಯಂ ಕುಡಿಸಿ, 1, 2 ಮತ್ತು 5ನೇ ನಿಮಿಷಕ್ಕೆ ಚಿತ್ರ ತೆಗೆದು ಒಳಗೆ ನಿಂತ ಬೇರಿಯಂ ಎಷ್ಟು ಎತ್ತರವಿದೆ ಎಂದು ಅಳೆಯುತ್ತಾರೆ. ಐದು ನಿಮಿಷ ನಿಂತರೂ ಬೇರಿಯಂ ಇಳಿದಿಲ್ಲವೆಂದರೆ ಭೂಮಿಯ ಸೆಳೆತದ ನೆರವಿದ್ದೂ ಬಾಗಿಲು ತೆರೆಯುತ್ತಿಲ್ಲ ಎಂದಾಯಿತು.

ಇಂಥ ಬಾಗಿಲು ಮುಚ್ಚಿದ ಕಾಯಿಲೆಯಲ್ಲಿ ಹೆಸರಾದದ್ದು ಅಕಲೇಸಿಯಾ. ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಹೊಸದಾಗಿ ಬರುವ ಅಪರೂಪದ ರೋಗ. ಅಲೆ ಸತ್ತುಹೋಗಿರುತ್ತದೆ, ಕೆಳಗಿನ ಕವಾಟ ಸಡಿಲವಾಗುವುದಿಲ್ಲ. 1674ರಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ತಿಮಿಂಗಿಲದ ಎಲುಬಿಗೆ ಸ್ಪಂಜು ಕಟ್ಟಿ, ಅದರಿಂದ ಆಹಾರ ದೂಡಿಕೊಳ್ಳಲು ಇಂಥ ರೋಗಿಯೊಬ್ಬನಿಗೆ ಕಲಿಸಿದ್ದನ್ನು ಬರೆದಿದ್ದಾನೆ. 1913ರಲ್ಲಿ ಜರ್ಮನಿಯ ಅರ್ನ್‌ಸ್ಟ್ ಹೆಲ್ಲರ್ ಕವಾಟದ ಸ್ನಾಯು ಕೊಯ್ಯುವ ಶಸ್ತ್ರಚಿಕಿತ್ಸೆ ಮಾಡಿದರು. 2008ರಲ್ಲಿ ಜಪಾನಿನ ಹರುಹಿರೊ ಇನೊವೆ ಎಂಡೋಸ್ಕೋಪಿಯ ಮೂಲಕವೇ ಅದನ್ನು ಕೊಯ್ಯುವ 'ಪೋಯಂ' ವಿಧಾನವನ್ನು ರೋಗಿಗಳಲ್ಲಿ ಆರಂಭಿಸಿದರು.

ಅಕಲೇಸಿಯಾದವರು ಮ್ಯಾನೋಮೆಟ್ರಿಯ ಹೆಸರು ಕೇಳುವ ಮುಂಚೆಯೇ ಭಂಗಿಯ ಪಾಠ ಕಲಿತಿರುತ್ತಾರೆ. ಊಟದ ನಡುವೆ ಎದ್ದು ನಿಲ್ಲುತ್ತಾರೆ, ಬೆನ್ನು ಸೆಟೆಸುತ್ತಾರೆ, ಕೈ ಮೇಲೆತ್ತುತ್ತಾರೆ, ಮೇಲಿಂದ ಮೇಲೆ ನೀರು ಕುಡಿದು ಆ ಭಾರದಿಂದ ತುತ್ತನ್ನು ತಳ್ಳುತ್ತಾರೆ. ರಾತ್ರಿ ಮಲಗಿದರೆ ಉಂಡದ್ದು ಹಾಗೆಯೇ ಬಾಯಿಗೆ ಬರುತ್ತದೆ, ದಿಂಬು ಒದ್ದೆಯಾಗುತ್ತದೆ, ಕೆಮ್ಮು ಎಬ್ಬಿಸುತ್ತದೆ. ಅದಕ್ಕೇ ಎರಡು-ಮೂರು ದಿಂಬು. ಮನೆಯವರು ಇದನ್ನು ನೋಡಿದರೂ ಆಸ್ಪತ್ರೆಯಲ್ಲಿ ಹೇಳುವುದು 'ಊಟ ಸೇರವಲ್ದು' ಎಂದಷ್ಟೇ. ಎದ್ದು ನಿಂತರೆ ಇಳಿಯುತ್ತದೆ, ಮಲಗಿದರೆ ತಿರುಗಿ ಬರುತ್ತದೆ ಎಂಬ ಎರಡು ಮಾತು ಸೇರಿಸಿದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ. ಹೀಗೆ ನಾಳದಲ್ಲಿ ಆಹಾರ ತುಂಬಿಕೊಂಡವರನ್ನು ಏಕಾಏಕಿ ಅಂಗಾತ ಮಲಗಿಸಿದರೆ ಅದು ಶ್ವಾಸನಾಳಕ್ಕೆ ನುಗ್ಗುವ ಅಪಾಯವೂ ಇದೆ. ಬೆನ್ನು ಬಾಗಿದ ಮುದುಕರಿಗೆ ಅಂಗಾತ ಮಲಗುವುದೇ ಕಷ್ಟ. ಇಂಥವರ ಪರೀಕ್ಷೆಯನ್ನು ಒರಗಿಸಿಯೋ ಕೂರಿಸಿಯೋ ಮಾಡಿ, ಹಾಗೆ ಮಾಡಿದ್ದನ್ನು ವರದಿಯಲ್ಲಿ ಬರೆಯಬೇಕು.

ಬಾಗಿ ಕಳೆ ಕೀಳುವವರ ಹುಳಿತೇಗು

ನುಂಗುವುದಕ್ಕೆ ಭೂಮಿಯ ಸೆಳೆತ ಅನಿವಾರ್ಯವಲ್ಲ, ಸರಿ. ನುಂಗಿದ್ದು ಕೆಳಗೇ ಇರಲು ಮಾತ್ರ ಅದರ ನೆರವು ದೊಡ್ಡದು. ಎದೆಯುರಿ, ಹುಳಿತೇಗು ಇರುವವರಿಗೆ ಮಾಡುವ 24 ಗಂಟೆಗಳ ಆಮ್ಲ ಪರೀಕ್ಷೆ ಈ ಸಂಗತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮೂಗಿನಿಂದ ಇಳಿಸಿದ ಸಣ್ಣ ತಂತಿ ಅನ್ನನಾಳದ ಆಮ್ಲವನ್ನು ಒಂದು ಹಗಲು, ಒಂದು ರಾತ್ರಿ ದಾಖಲಿಸುತ್ತದೆ. ಒಟ್ಟು ಹೊತ್ತಿನ ಶೇ 6ಕ್ಕಿಂತ ಹೆಚ್ಚು ಕಾಲ ಆಮ್ಲ ಮೇಲೆ ಬಂದಿದ್ದರೆ ರೋಗ ಖಚಿತ, ಶೇ 4ಕ್ಕಿಂತ ಕಡಿಮೆಯಿದ್ದರೆ ಸಹಜ ಎಂಬುದು ಇಂದಿನ ಒಪ್ಪಿತ ಲೆಕ್ಕ. 1974ರಲ್ಲಿ ಜಾನ್ಸನ್ ಮತ್ತು ಡಿಮೀಸ್ಟರ್ ಎಂಬ ಅಮೆರಿಕದ ವೈದ್ಯರು ಕಟ್ಟಿದ ಅಂಕಪಟ್ಟಿ ನೆಟ್ಟಗಿದ್ದಾಗಿನ ಆಮ್ಲ, ಮಲಗಿದಾಗಿನ ಆಮ್ಲ ಎಂದು ಎರಡು ಕಾಲಂ ಬರೆಯುತ್ತದೆ.

ನಮ್ಮ ಹೊಲದ ಹೆಣ್ಣುಮಕ್ಕಳ ದಿನ ಈ ಎರಡು ಕಾಲಮ್ಮುಗಳಿಗೆ ಒಗ್ಗುವುದಿಲ್ಲ. ಕಳೆ ತೆಗೆಯುವಾಗ, ಹತ್ತಿ ಬಿಡಿಸುವಾಗ, ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ರೊಟ್ಟಿ ಬಡಿಯುವಾಗ ಅವರು ನೆಟ್ಟಗೂ ಇಲ್ಲ, ಮಲಗಿಯೂ ಇಲ್ಲ. ಬಾಗಿದಾಗ ಹೊಟ್ಟೆಯೊಳಗಿನ ಒತ್ತಡ ಏರಿ ಹುಳಿನೀರು ಮೇಲೆ ನುಗ್ಗಬಹುದು. ಪರೀಕ್ಷೆಯ ದಿನ ಪಟ್ಟಣದ ಲಾಡ್ಜಿನಲ್ಲಿ ವಿಶ್ರಾಂತಿಯಲ್ಲಿದ್ದರೆ ಆ ಹುಳಿ ದಾಖಲಾಗುವುದೇ ಇಲ್ಲ. ಎಂದಿನ ಊಟ, ಎಂದಿನ ಕೆಲಸ ಮಾಡಿ ಎಂದು ವೈದ್ಯರು ಹೇಳುವುದು ಇದಕ್ಕೇ. ಊಟ ಮಾಡಿದಾಗ, ಮಲಗಿದಾಗ, ಉರಿ ಬಂದಾಗ ಯಂತ್ರದ ಗುಂಡಿ ಒತ್ತಬೇಕು. ಬಾಗಿ ಕೆಲಸ ಮಾಡಿದ ಹೊತ್ತನ್ನು ಚೀಟಿಯಲ್ಲಿ ಬರೆದಿಡಬೇಕು. ಬರೆಯಲು ಬಾರದವರಿಗೆ ಮನೆಯವರು ಬರೆದುಕೊಟ್ಟರೂ ಆದೀತು.

ಮಲಗುವ ಮಗ್ಗುಲೂ ಲೆಕ್ಕಕ್ಕೆ ಬರುತ್ತದೆ. ಎಡಮಗ್ಗುಲಿಗೆ ಮಲಗಿದಾಗ ಜಠರದ ದೊಡ್ಡ ಚೀಲ ಅನ್ನನಾಳದ ಬಾಯಿಗಿಂತ ಕೆಳಗಿರುತ್ತದೆ, ಆಮ್ಲ ಅಲ್ಲೇ ನಿಲ್ಲುತ್ತದೆ. ಬಲಮಗ್ಗುಲಿಗೆ ತಿರುಗಿದರೆ ಬಾಯಿಯೇ ಆಮ್ಲದ ಮಟ್ಟಕ್ಕೆ ಇಳಿಯುತ್ತದೆ. ಎಡಮಗ್ಗುಲಲ್ಲಿ ಆಮ್ಲ ಬೇಗ ಜಾರಿ ಕೆಳಗೆ ಹೋಗುತ್ತದೆ ಎಂದು 2022ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರೂ ಕಂಡುಕೊಂಡರು. ಉಂಡ ಮೇಲೆ ಎಡಕ್ಕೆ ಒರಗುವ ವಾಮಕುಕ್ಷಿಯ ರೂಢಿಗೆ ಇಷ್ಟರಮಟ್ಟಿಗೆ ಬೆಂಬಲವಿದೆ. ಎದೆಯುರಿ ಇದ್ದವರು ಊಟವಾಗಿ ಎರಡು-ಮೂರು ಗಂಟೆ ಮಲಗದಿರುವುದು ಅದಕ್ಕಿಂತ ಮೇಲು. ರಾತ್ರಿ ಉರಿಯುವವರು ದಿಂಬು ಪೇರಿಸುವ ಬದಲು ಮಂಚದ ತಲೆಕಡೆಯ ಕಾಲಿಗೆ ಇಟ್ಟಿಗೆ ಕೊಟ್ಟು 15-20 ಸೆಂ.ಮೀ. ಎತ್ತರಿಸಬಹುದು.

ಪರೀಕ್ಷೆಗೆ ಹೋಗುವವರಿಗೆ

* ಮ್ಯಾನೋಮೆಟ್ರಿ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗುವಂಥದ್ದಲ್ಲ. ಬೆಳಗಾವಿ, ಹುಬ್ಬಳ್ಳಿ-ಧಾರವಾಡದ ದೊಡ್ಡ ಆಸ್ಪತ್ರೆಗಳ ಗ್ಯಾಸ್ಟ್ರೊ ವಿಭಾಗಕ್ಕೆ ಫೋನ್ ಮಾಡಿ, ಯಂತ್ರ ಇದೆಯೇ, ಯಾವ ದಿನ ಮಾಡುತ್ತಾರೆ ಎಂದು ಕೇಳಿಕೊಂಡು ಹೊರಡಿ.

* ಕನಿಷ್ಠ 4 ಗಂಟೆ ಹೊಟ್ಟೆ ಖಾಲಿ ಇರಬೇಕು. ತಿಂದದ್ದು ಎದೆಯಲ್ಲೇ ನಿಲ್ಲುವವರಿಗೆ ಇನ್ನೂ ಹೆಚ್ಚು ಹೊತ್ತು ಉಪವಾಸ ಹೇಳಬಹುದು. ನಿತ್ಯದ ಗುಳಿಗೆಗಳ ಪಟ್ಟಿ ತೋರಿಸಿ. ಕೆಲವನ್ನು ಮುಂಚೆಯೇ ನಿಲ್ಲಿಸಬೇಕಾಗುತ್ತದೆ. ಆದರೆ ನೀವಾಗಿ ನಿಲ್ಲಿಸಬೇಡಿ.

* ಪರೀಕ್ಷೆಗೆ ಮಂಪರು ಬರಿಸುವುದಿಲ್ಲ. ಮೂಗಿಗೆ ಮರಗಟ್ಟಿಸುವ ಜೆಲ್ ಹಚ್ಚುತ್ತಾರೆ. ನಳಿಕೆ ಇಳಿಯುವಾಗ ಓಕರಿಕೆ ಬಂದರೂ ಆಮೇಲೆ ತಡೆಯಬಹುದು. "ನುಂಗಿ" ಎಂದಾಗ ಒಂದೇ ಸಲ ನುಂಗಬೇಕು. ನಡುನಡುವೆ ಉಗುಳು ನುಂಗಿದರೆ ಆ ಗುಟುಕಿನ ಲೆಕ್ಕ ಕೆಡುತ್ತದೆ.

* ಗುಳಿಗೆಯನ್ನು ಮಲಗಿಕೊಂಡು, ಅರೆಗುಟುಕು ನೀರಿನಲ್ಲಿ ನುಂಗಬೇಡಿ. ಡಾಕ್ಸಿಸೈಕ್ಲಿನ್‌ನಂಥ ಮಾತ್ರೆ ನಾಳದಲ್ಲೇ ಅಂಟಿ ಹುಣ್ಣು ಮಾಡಬಹುದು. ಎಲುಬಿನ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್ ನುಂಗಿದ ಮೇಲೆ ಕನಿಷ್ಠ ಅರ್ಧ ಗಂಟೆ ಮಲಗಬಾರದು.

* ತೂಕ ಇಳಿಯುತ್ತಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ, ಗಟ್ಟಿ ಆಹಾರದಿಂದ ಶುರುವಾದ ತಡೆ ದಿನೇ ದಿನೇ ಹೆಚ್ಚುತ್ತಿದ್ದರೆ ಮ್ಯಾನೋಮೆಟ್ರಿಗೆ ಕಾಯಬೇಡಿ. ಮೊದಲು ಎಂಡೋಸ್ಕೋಪಿ ಆಗಲಿ.

* ವರದಿ ಕೈಗೆ ಬಂದಾಗ ಒಂದು ಪ್ರಶ್ನೆ ತಪ್ಪದೆ ಕೇಳಿ: "ಡಾಕ್ಟ್ರೆ, ಈ ನಂಬರು ಮಲಗಿದ್ದಾಗ ಬಂದದ್ದೋ, ಕುಂತಾಗ ಬಂದದ್ದೋ?" ಒಂದೇ ಭಂಗಿಯ ಅಂಕಿಯ ಮೇಲೆ ಕವಾಟ ಕೊಯ್ಯುವ ಸಲಹೆ ಬಂದಿದ್ದರೆ, ಇನ್ನೊಂದು ಭಂಗಿಯಲ್ಲಿ ಏನು ಬಂತು, ಬೇರಿಯಂ ಏನು ಹೇಳಿತು ಎಂದು ತಿಳಿದುಕೊಂಡೇ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿ.